ಬೆರಳ ಗೆಣ್ಣು ಎಣಿಸುವ ಮೇಷ್ಟ್ರು

ತುಮಕೂರಿನ ಖಾಸಗಿ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವ ಲಕ್ಷ್ಮೀನರಸಿಂಹಯ್ಯನವರು ಜ್ಯೋತಿಷಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರೇ ಇದನ್ನು ಹಲವು ಸಲ, ಹಲವರ ಮುಂದೆ, ಒಂದೆರಡು ಸಲ ಕೈ ಮುಗಿದೂ ಹೇಳಿದ್ದಾರೆ. ಯಾರೂ ನಂಬಿಲ್ಲ. ಅಚ್ಚಾಗಿ ಬಂದದ್ದನ್ನಾದರೂ ಜನ ನಂಬಬಹುದು ಎಂಬ ಆಸೆಯಿಂದ ಇಲ್ಲಿ ಬರೆಯಲಾಗಿದೆ.

ಕಾಲೇಜಿಗೆ ಮೌಲ್ಯಮಾಪನ ತಂಡ ಬರುವುದಿತ್ತು. ಬಂದವರು ಮೊದಲು ಶೌಚಾಲಯ ನೋಡುತ್ತಾರೆ, ಆಮೇಲೆ ವೃತ್ತಿ ಮಾರ್ಗದರ್ಶನ ಕೇಂದ್ರ ಎಲ್ಲಿದೆ ಎಂದು ಕೇಳುತ್ತಾರೆ ಎಂದು ಪ್ರಾಂಶುಪಾಲ ಏಕಾಂತಯ್ಯನವರಿಗೆ ಯಾರೋ ತಿಳಿಸಿದ್ದರು. ಶೌಚಾಲಯವಿತ್ತು. ಕೇಂದ್ರವಿರಲಿಲ್ಲ. ಆಟದ ಸಾಮಾನಿನ ಕೋಣೆಯಿಂದ ಹರಿದ ವಾಲಿಬಾಲ್ ನೆಟ್‌ಗಳನ್ನು ಹೊರಗೆ ಹಾಕಿಸಿ, ಮೇಜು ಕುರ್ಚಿ ಒಳಗೆ ಹಾಕಿಸಿ, ಬಾಗಿಲ ಮೇಲೆ ಬೋರ್ಡು ಬರೆಸಿದರು. ಇನ್ನು ಒಬ್ಬ ಸಂಚಾಲಕ ಬೇಕಿತ್ತು. ಆ ವರ್ಷ ಅರ್ಥಶಾಸ್ತ್ರಕ್ಕೆ ಸೇರಿದ ವಿದ್ಯಾರ್ಥಿಗಳು ಕಡಿಮೆಯಿದ್ದುದರಿಂದ ಕಾಲೇಜಿನಲ್ಲಿ ಅತಿ ಹೆಚ್ಚು ಬಿಡುವಿದ್ದವರು ಲಕ್ಷ್ಮೀನರಸಿಂಹಯ್ಯನವರು. ಅರ್ಹತೆ ಅಷ್ಟೇ.

ವೃತ್ತಿ ಯೋಜನೆಯ ವಿಷಯದಲ್ಲಿ ಅವರ ಸ್ವಂತ ಅನುಭವ ಸೀಮಿತವಾದದ್ದು. ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನ ವಿಮಾ ಕಚೇರಿಯೊಂದರ ಸಂದರ್ಶನಕ್ಕೆ ಹೊರಟಿದ್ದಾಗ ಬಸ್ಸು ಕ್ಯಾತ್ಸಂದ್ರದಲ್ಲಿ ಕೆಟ್ಟು ನಿಂತಿತು. ಇಳಿದು ಟೀ ಕುಡಿಯುವಾಗ ಪಕ್ಕದಲ್ಲಿ ನಿಂತಿದ್ದವರು ಇದೇ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರು. ಬಸ್ಸು ರಿಪೇರಿಯಾಗುವ ಹೊತ್ತಿಗೆ ಇವರು ಉಪನ್ಯಾಸಕರಾಗಿದ್ದರು. ಈ ಮಾರ್ಗವನ್ನು ವಿದ್ಯಾರ್ಥಿಗಳಿಗೆ ಸೂಚಿಸುವಂತಿರಲಿಲ್ಲ.

ಆದರೆ ಬೋರ್ಡಿನಲ್ಲಿ ತಮ್ಮ ಹೆಸರು ಬಣ್ಣದಲ್ಲಿ ಕಂಡಮೇಲೆ ಅವರಿಗೆ ಒಂದು ಗಾಂಭೀರ್ಯ ಬಂತು. ಪತ್ರಿಕೆಗಳ ಉದ್ಯೋಗದ ಪುಟಗಳನ್ನು ಓದತೊಡಗಿದರು. ಓದಿ ಓದಿ ಒಂದು ಸತ್ಯ ಕಂಡುಕೊಂಡರು: ಯಾವ ನೇಮಕಾತಿಯಲ್ಲೂ ಅಂಕ ಕಡಿಮೆಯಾದರೆ ಇನ್ನೊಂದು ದಾರಿ ಇರುತ್ತದೆ, ವಯಸ್ಸು ಹೊಂದದಿದ್ದರೆ ಇಲ್ಲ. ಆದ್ದರಿಂದ ಯಾರೇ ಒಳಗೆ ಬಂದರೂ ಅವರ ಮೊದಲ ಪ್ರಶ್ನೆ ಹುಟ್ಟಿದ ತಾರೀಕು. ತಾರೀಕು ಕೇಳಿದ ಮೇಲೆ ಕಣ್ಣು ಮುಚ್ಚುವರು. ಫೋನಿನ ಕ್ಯಾಲ್ಕುಲೇಟರಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿಸುತ್ತ, ತುಟಿ ಅಲ್ಲಾಡಿಸುತ್ತ ವರ್ಷ ತಿಂಗಳು ಎಣಿಸುವರು. ಹಣೆಯ ಮೇಲೆ ಮೊದಲಿನಿಂದಲೂ ಕುಂಕುಮವಿತ್ತು. ಅದಕ್ಕೂ ಮಾರ್ಗದರ್ಶನಕ್ಕೂ ಸಂಬಂಧವಿರಲಿಲ್ಲ.

ಒಂದು ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಕಡೆಯ ಅಂಜನ್ ಎಂಬ ಬಿ.ಕಾಂ. ಹುಡುಗ ಬಂದ. ಕಣ್ಣಿನ ಆಸ್ಪತ್ರೆಗೆಂದು ಊರಿನಿಂದ ಬಂದಿದ್ದ ಅವನ ಅಜ್ಜಿ ಸಿದ್ದಗಂಗಮ್ಮ ಜೊತೆಗಿದ್ದರು. ಮೇಷ್ಟ್ರು ತಾರೀಕು ಕೇಳಿದರು, ಹುಡುಗ ಹೇಳಿದ.

"ಅದು ಇಸ್ಕೂಲ್ ತಾರೀಕು ಬುಡಿ," ಎಂದರು ಅಜ್ಜಿ. "ಇವ್ನು ಹುಟ್ಟಿದ್ದು ಅಮಾಸೆ ಹಿಂದಿನ ರಾತ್ರಿ."

ಮೇಷ್ಟ್ರು ಆಗಲೇ ಕಣ್ಣು ಮುಚ್ಚಿದ್ದರು. ಎಣಿಸಿ ಮುಗಿಸಿ, ಈಗ ಯಾವುದಕ್ಕೂ ಅವಸರ ಮಾಡಬೇಡ, ಸಂಕ್ರಾಂತಿ ಕಳೆಯಲಿ, ನಿಮ್ಮ ಊರಿನ ದಿಕ್ಕಿನಿಂದಲೇ ಒಂದು ಅವಕಾಶ ಬರುವ ಹಾಗಿದೆ ಎಂದರು. ಅಲ್ಲಿನ ಹೆಲಿಕಾಪ್ಟರ್ ಕಾರ್ಖಾನೆಯ ಆಸುಪಾಸಿನ ಬಿಡಿಭಾಗದ ಕಂಪನಿಯೊಂದು ಹೊಸ ವರ್ಷದಲ್ಲಿ ಅಪ್ರೆಂಟಿಸ್‌ಗಳನ್ನು ಕರೆಯಲಿದೆ ಎಂದು ಹಿಂದಿನ ದಿನದ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ಮೂಲವನ್ನು ಅವರು ಹೇಳಲಿಲ್ಲ. ಪತ್ರಿಕೆ ಓದುವುದನ್ನು ಹೇಳಿಕೊಳ್ಳುವುದೇನು ಬಂತು ಎಂದುಕೊಂಡರು. ಈ ಸಣ್ಣ ಉದಾಸೀನವೇ ಮುಂದಿನದಕ್ಕೆಲ್ಲ ಕಾರಣ.

ಸಂಕ್ರಾಂತಿ ಕಳೆಯಿತು. ಕಂಪನಿ ಕರೆಯಿತು. ಅಂಜನ್ ಆಯ್ಕೆಯಾದ. ಮರುವಾರ ಸಿದ್ದಗಂಗಮ್ಮ ಗುಬ್ಬಿಯಿಂದ ಮೊದಲ ಬಸ್ಸಿಗೆ ಬಂದು, ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ಇಟ್ಟ ತಟ್ಟೆ ಹಿಡಿದು, ಶಾಸ್ತ್ರ ಹೇಳೋ ಮೇಷ್ಟ್ರು ಎಲ್ಲಿ ಕೂರ್ತಾರೆ ಎಂದು ಕಾಲೇಜಿನ ಅಟೆಂಡರನ್ನು ಕೇಳಿದರು. ಕಾಲೇಜಿನಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಎಲ್ಲವೂ ಇದ್ದವು. ತಟ್ಟೆ ನೋಡಿ ಅಟೆಂಡರ್ ಸರಿಯಾದ ಕೋಣೆಗೇ ಕಳಿಸಿದ. ಮೇಷ್ಟ್ರು ಅದನ್ನು ಕೃತಜ್ಞತೆ ಎಂದು ಭಾವಿಸಿ ಎರಡೂ ಕೈಯಲ್ಲಿ ತೆಗೆದುಕೊಂಡರು. ಅಜ್ಜಿ ತಮ್ಮ ಸೊಂಟದ ನೋವಿಗೆ ಏನು ಕಾಣುತ್ತದೆ ಎಂದು ಕೇಳಿದಾಗ, ಮುದುಕರ ಮಾತು ಹೀಗೇ ದಿಕ್ಕು ಬದಲಿಸುತ್ತದೆ ಎಂದುಕೊಂಡು, ದಿನಾ ಸ್ವಲ್ಪ ನಡೆಯಿರಿ ಎಂದರು. ಅಜ್ಜಿ ನಡೆದರು. ನೋವು ಕಡಿಮೆಯಾಯಿತು. ಇದು ಗುಬ್ಬಿ ತಾಲ್ಲೂಕಿನಲ್ಲಿ ಹರಡಿತು.

ಅಲ್ಲಿಂದ ಕೋಣೆಯ ಮುಂದೆ ಸಾಲು ನಿಲ್ಲತೊಡಗಿತು. ಗುಬ್ಬಿಯವರು, ಕುಣಿಗಲ್‌ನವರು, ಊರ್ಡಿಗೆರೆಯವರು. ಮಕ್ಕಳು ಬರುವುದು ಕಡಿಮೆಯಾಗಿ ಅಪ್ಪ ಅಮ್ಮಂದಿರೇ ಬರುವುದು ಹೆಚ್ಚಾಯಿತು. ಅವರು ತಾರೀಕಿನ ಜೊತೆಗೆ ಹುಟ್ಟಿದ ಊರು, ಹುಟ್ಟಿದ ಹೊತ್ತು, ಆಗ ಮಳೆಯಿತ್ತೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದರು. ಮಕ್ಕಳ ವಿವರಗಳ ಬಗ್ಗೆ ಹಳ್ಳಿಯ ಪೋಷಕರು ಇಷ್ಟು ನಿಖರವಾಗಿರುತ್ತಾರೆ ಎಂದು ತಮಗೆ ತಿಳಿದಿರಲಿಲ್ಲ ಎಂದು ಲಕ್ಷ್ಮೀನರಸಿಂಹಯ್ಯನವರು ಸಿಬ್ಬಂದಿ ಕೊಠಡಿಯಲ್ಲಿ ಮೆಚ್ಚುಗೆಯಿಂದ ಹೇಳಿದರು. ಏಕಾಂತಯ್ಯನವರು ಸಾಲಿನ ಫೋಟೊ ತೆಗೆಸಿ, 'ಪೋಷಕರ ಸಹಭಾಗಿತ್ವ' ಎಂಬ ಶೀರ್ಷಿಕೆ ಕೊಟ್ಟು ಮೌಲ್ಯಮಾಪನದ ಕಡತಕ್ಕೆ ಸೇರಿಸಿದರು.

ಕೆಲವು ಪೋಷಕರು ಕೊನೆಗೆ, ಇದಕ್ಕೆ ಪರಿಹಾರ ಏನು ಎಂದು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಮೇಷ್ಟ್ರು ಎಲ್ಲರಿಗೂ ಒಂದೇ ಪರಿಹಾರ ಹೇಳಿದರು: ಹುಡುಗ ಬೆಳಗ್ಗೆ ಎದ್ದು ದಿನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಲಿ.

"ಸ್ನಾನ ಮಾಡ್ಕೊಂಡೇ ಓದ್ಬೇಕಾ ಸಾರ್?" ಎಂದು ಕುಣಿಗಲ್‌ನ ಒಬ್ಬರು ಕೇಳಿದರು.

ಸ್ನಾನ ಮಾಡಿದರೆ ಒಳ್ಳೆಯದೇ, ನಿದ್ದೆ ಬರುವುದಿಲ್ಲ ಎಂದರು ಮೇಷ್ಟ್ರು. ಯಾವ ದಿಕ್ಕಿಗೆ ಕೂರಬೇಕು ಎಂದು ಕೇಳಿದ್ದಕ್ಕೆ, ಬೆಳಕು ಬರುವ ಕಡೆ ಎಂದರು. ಎಷ್ಟು ದಿನ ಎಂದದ್ದಕ್ಕೆ, ಅಭ್ಯಾಸವಾಗುವ ತನಕ ಎಂದರು. ಕೇಳಿದವರು ಅದನ್ನು ಒಂದು ಮಂಡಲ ಎಂದು ಅರ್ಥಮಾಡಿಕೊಂಡರು. ಜಿಲ್ಲೆಯ ಹಲವು ಮನೆಗಳಲ್ಲಿ ತಲೆ ಒದ್ದೆಯಿದ್ದ ಹುಡುಗರು ಪೂರ್ವಕ್ಕೆ ಮುಖ ಮಾಡಿ ಸಂಪಾದಕೀಯವನ್ನು ಗಟ್ಟಿಯಾಗಿ ಓದತೊಡಗಿದರು. ಮಂಡಲ ಮುಗಿಯುವ ತನಕ ಮನೆಯಲ್ಲಿ ಮೊಟ್ಟೆ ನಿಂತಿತು.

ಉಪ್ಪಾರಹಳ್ಳಿಯಲ್ಲಿ ಮೇಷ್ಟ್ರ ಪಕ್ಕದ ಮನೆಯವರು ಅಕ್ರಂ ಪಾಷಾ. ಅವರದು ಹಾಸಿಗೆ ಅಂಗಡಿ. ಒಂದು ಸಂಜೆ ಕಾಂಪೌಂಡಿನ ಆಚೆಯಿಂದ ಅವರು ಬಹಳ ಸಂಕೋಚದಿಂದ ಮಾತು ತೆಗೆದರು. "ನಮ್ಮಲ್ಲಿ ಇದನ್ನೆಲ್ಲ ನಂಬಲ್ಲ ಮೇಷ್ಟ್ರೇ. ಬಿಲ್ಕುಲ್ ನಂಬಲ್ಲ. ಆದ್ರೂ ನಮ್ಮ ಹುಡುಗ ನಯೀಮಂದು ಡೇಟ್ ಆಫ್ ಬರ್ತ್ ಹೇಳ್ಬಿಡ್ತೀನಿ, ನೀವು ಕೇಳಿಸ್ಕೊಂಡ್ರೆ ಸಾಕು."

ವೃತ್ತಿ ಮಾರ್ಗದರ್ಶನವನ್ನು ನಂಬದ ಸಮುದಾಯ ಯಾವುದೂ ಇರಬಾರದು ಎಂದು ಮೇಷ್ಟ್ರು ಅವರಿಗೆ ವಿವರವಾಗಿ ತಿಳಿಹೇಳಿದರು. ಪಾಷಾ ತಲೆಯಾಡಿಸುತ್ತ ಕೇಳಿಸಿಕೊಂಡು, ಕೊನೆಗೆ ತಾರೀಕು ಹೇಳಿಯೇ ಒಳಗೆ ಹೋದರು.

ಹೀಗೆ ಬಂದವರಲ್ಲಿ ಹುಲಿಯೂರುದುರ್ಗದ ರಾಮಾಂಜಿನಯ್ಯ ಒಬ್ಬರು. ಬಸ್ ನಿಲ್ದಾಣದ ಹತ್ತಿರ ಅವರ ದಿನಸಿ ಅಂಗಡಿಯಿದೆ. ಮಗಳು ನಂದಿತಾ ಇದೇ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎಸ್ಸಿ., ಗಣಿತದಲ್ಲಿ ತರಗತಿಗೆ ಮೊದಲಿಗಳು. ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಹೋಗಿ, ಭಾನುವಾರ ಪೂರ್ತಿ ಅಂಗಡಿಯಲ್ಲಿ ಕೂತು, ಸೋಮವಾರ ಬರುವ ಹುಡುಗಿ. ಅವಳಿಗೆ ಬ್ಯಾಂಕೊಂದರ ಅಧಿಕಾರಿ ಹುದ್ದೆಯ ಪರೀಕ್ಷೆ ಬರೆಯುವ ಆಸೆ. ಅಪ್ಪನಿಗೆ ಅವಳು ಕುಣಿಗಲ್‌ನಲ್ಲಿ ಬಿ.ಎಡ್. ಮಾಡಿ ಬೆಳಗ್ಗೆ ಸಂಜೆ ಅಂಗಡಿ ನೋಡಿಕೊಳ್ಳಲಿ ಎಂಬ ಆಸೆ. ಮಗಳು ಹಟ ಬಿಡಲಿಲ್ಲ. ಸರಿ, ಮೇಷ್ಟ್ರು ಏನು ಹೇಳುತ್ತಾರೋ ಹಾಗೆ ಎಂದು ಅಪ್ಪ ಮಾತು ಕೊಟ್ಟು ತುಮಕೂರಿನ ಬಸ್ಸು ಹತ್ತಿದರು. ಮಗಳ ಹುಟ್ಟಿದ ದಿನ, ಕೋಳಿ ಕೂಗುವ ಹೊತ್ತು, ಊರು ಎಲ್ಲವನ್ನೂ ಒಪ್ಪಿಸಿ ಪ್ರಶ್ನೆ ಇಟ್ಟರು. ಆ ಹುದ್ದೆಗೆ ನಿಗದಿತ ದಿನಕ್ಕೆ ಇಪ್ಪತ್ತೊಂದು ತುಂಬಿರಬೇಕು. ಮೇಷ್ಟ್ರು ಗೆಣ್ಣು ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಕಣ್ಣು ತೆರೆದು ವಿಷಾದದಿಂದ, "ಈ ವರ್ಷ ಕೂಡಿ ಬರಲ್ಲ. ಮುಂದಿನ ವರ್ಷ ನೋಡೋಣ," ಎಂದರು.

ರಾಮಾಂಜಿನಯ್ಯ ಮುಗಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಊರಿಗೆ ಹೋಗಿ ಬಿ.ಎಡ್. ಸೀಟಿಗೆ ಮಾತಾಡಿದರು.

ಗುರುವಾರ ಮಧ್ಯಾಹ್ನ ನಂದಿತಾ ಕೇಂದ್ರಕ್ಕೆ ಬಂದಳು. ಸಾಲನ್ನು ದಾಟಿ ನೇರವಾಗಿ ಒಳಗೆ ಬಂದಳು. ತನಗೆ ಈ ವರ್ಷ ಕೂಡಿ ಬರುವುದಿಲ್ಲ ಎಂದು ಏಕೆ ಹೇಳಿದಿರಿ ಎಂದು ಕೇಳಿದಳು. ಇಪ್ಪತ್ತೊಂದು ತುಂಬಿಲ್ಲವಲ್ಲ, ನಿಮ್ಮ ತಂದೆಯವರೇ ಕೊಟ್ಟ ತಾರೀಕು ಎಂದರು ಮೇಷ್ಟ್ರು.

"ಸಾರ್, ಅಪ್ಪ ಹೇಳಿದ್ದು ನಾನು ಹುಟ್ಟಿದ ತಾರೀಕು. ಮಾರ್ಕ್ಸ್ ಕಾರ್ಡಲ್ಲಿರೋದು ಬೇರೆ. ಒಂದನೇ ಕ್ಲಾಸಿಗೆ ಸೇರಿಸೋಕೆ ವಯಸ್ಸು ಸಾಲ್ದು ಅಂತ ಊರಿನ ಹೆಡ್ಮೇಷ್ಟ್ರು ಒಂದು ವರ್ಷ ಮುಂಚೆ ಹುಟ್ಸಿದ್ರು."

ಹಾಗಿದ್ದರೆ ತಂದೆಯವರು ಅದನ್ನೇ ಏಕೆ ಕೊಡಲಿಲ್ಲ ಎಂದು ಮೇಷ್ಟ್ರು ಕೇಳಿದರು.

"ಅವ್ರು ಬಂದಿದ್ದು ಜಾತಕ ಕೇಳೋಕೆ ಸಾರ್. ಎಲ್ಲಾರೂ ಬರ್ತಿರೋದು ಅದಕ್ಕೇ."

ಲಕ್ಷ್ಮೀನರಸಿಂಹಯ್ಯನವರು ಬಾಗಿಲ ಕಡೆ ನೋಡಿದರು. ಸಾಲಿನಲ್ಲಿದ್ದವರು ಕೈ ಮುಗಿದರು. ಮುಂದೆ ನಿಂತಿದ್ದವರ ಚೀಲದಿಂದ ತೆಂಗಿನಕಾಯಿಯ ಜುಟ್ಟು ಹೊರಗೆ ಕಾಣುತ್ತಿತ್ತು. ಕಳೆದ ಕೆಲವು ವಾರಗಳು ಅವರ ಮನಸ್ಸಿನಲ್ಲಿ ಹಿಂದುಮುಂದಾಗಿ ಓಡಿದವು. ಎಷ್ಟು ಮಕ್ಕಳಿಗೆ ತಪ್ಪು ವಯಸ್ಸು ಎಣಿಸಿದ್ದೇನೆ ಎಂದು ಯೋಚಿಸಲು ಕಣ್ಣು ಮುಚ್ಚಿದರು. ಹೊರಗೆ ಎಲ್ಲರೂ ಮಾತು ನಿಲ್ಲಿಸಿದರು.

ಅರ್ಜಿಗೆ ಮರುದಿನ ಶುಕ್ರವಾರ ಕೊನೆ. ತಾನೇ ಹಾಕಬಹುದು, ಆದರೆ ಅಪ್ಪನ ಒಪ್ಪಿಗೆಯಿಲ್ಲದೆ ಹಾಕಿದರೆ ಪರೀಕ್ಷೆಗೆ ಕಳಿಸುವವರು ಯಾರು ಎಂದಳು ನಂದಿತಾ. ಮೇಷ್ಟ್ರು ಆಗಲೇ ರಾಮಾಂಜಿನಯ್ಯನವರಿಗೆ ಫೋನು ಮಾಡಿದರು. ಇಂಥ ವಿಷಯ ಫೋನಿನಲ್ಲಿ ಆಡಬಾರದು ಸ್ವಾಮಿ ಎಂದು ಅವರು ಬಹಳ ಗೌರವದಿಂದ ಕರೆ ಕತ್ತರಿಸಿದರು.

ಆ ಸಂಜೆ ಮೇಷ್ಟ್ರು ಅಕ್ರಂ ಪಾಷಾರನ್ನು ಕಾಂಪೌಂಡಿನ ಹತ್ತಿರ ಕರೆದು, ಜನ ತಮ್ಮನ್ನು ಏನೆಂದುಕೊಂಡಿದ್ದಾರೆ ಎಂಬುದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು.

"ಇಡೀ ಉಪ್ಪಾರಹಳ್ಳಿಗೆ ಗೊತ್ತು ಮೇಷ್ಟ್ರೇ. ನಿಮಗೆ ಗೊತ್ತಿಲ್ಲ ಅನ್ನೋದು ನಮಗೆ ಗೊತ್ತಿರ್ಲಿಲ್ಲ," ಎಂದರು ಪಾಷಾ. ಬೆಳಗ್ಗೆ ಕುಣಿಗಲ್‌ನ ಗಿರಾಕಿಯೊಬ್ಬರಿಗೆ ಹಾಸಿಗೆ ತಲುಪಿಸುವುದಿದೆ, ಗೂಡ್ಸ್ ಆಟೊದಲ್ಲಿ ಹುಲಿಯೂರುದುರ್ಗಕ್ಕೂ ಬಿಡುತ್ತೇನೆ ಎಂದರು. ನಂದಿತಾ ಅದೇ ರಾತ್ರಿಯ ಬಸ್ಸಿನಲ್ಲಿ ಊರಿಗೆ ಹೋದಳು.

ಕುಣಿಗಲ್‌ನ ಗಿರಾಕಿ ಬಾಗಿಲಿಗೆ ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದರು. ಹಾಸಿಗೆ ಆಟೊದಲ್ಲೇ ಉಳಿಯಿತು. ಹುಲಿಯೂರುದುರ್ಗದ ಬಸ್ ನಿಲ್ದಾಣದ ಮುಂದೆ ಮೇಷ್ಟ್ರು ಇಳಿದಾಗ ಜನ ಮೊದಲು ಅವರನ್ನು ನೋಡಿದರು, ಆಮೇಲೆ ಹಿಂದಿದ್ದ ಹೊಸ ಡಬಲ್ ಹಾಸಿಗೆಯನ್ನು ನೋಡಿದರು. ತುಮಕೂರಿನ ಮೇಷ್ಟ್ರು ಕೆಲವು ದಿನ ಇಲ್ಲೇ ಉಳಿಯುತ್ತಾರೆ, ಬೇರೆಯವರ ಹಾಸಿಗೆ ಮುಟ್ಟುವುದಿಲ್ಲವಂತೆ ಎಂಬ ಸುದ್ದಿ ಅವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಒಳಗೆ ತಲುಪಿತ್ತು.

ರಾಮಾಂಜಿನಯ್ಯ ಅಕ್ಕಿ ಮೂಟೆಯ ಮೇಲೆ ಟವೆಲು ಹಾಸಿ ಕೂರಿಸಿದರು. ಗಿರಾಕಿಗಳು ಸಾಮಾನು ಕೇಳುವುದನ್ನು ಬಿಟ್ಟು ನಿಂತರು. ಪಕ್ಕದ ಸೈಕಲ್ ಶಾಪಿನವರು, ಎದುರಿನ ಹೂವಿನವರು, ಹೊರಡಬೇಕಿದ್ದ ಬಸ್ಸಿನ ಕಂಡಕ್ಟರ್ ಎಲ್ಲರೂ ಬಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ತಾವು ಜ್ಯೋತಿಷಿಯಲ್ಲ, ಆ ವಿದ್ಯೆ ತಮಗೆ ಬಾರದು, ತಾವು ಅರ್ಥಶಾಸ್ತ್ರ ಹೇಳುವವರು ಎಂದು ಸ್ಪಷ್ಟವಾಗಿ ಹೇಳಿದರು.

"ನೋಡುದ್ರಾ?" ಎಂದರು ರಾಮಾಂಜಿನಯ್ಯ, ಸೇರಿದವರ ಕಡೆ ತಿರುಗಿ. "ಗೊತ್ತಿರೋರು ಯಾವತ್ತೂ ಗೊತ್ತು ಅನ್ನಲ್ಲ."

ಮೇಷ್ಟ್ರು ಅದನ್ನೇ ಬೇರೆ ಮಾತುಗಳಲ್ಲಿ ಹೇಳಿದರು. ಹೂವಿನವರು ಒಂದು ಮೊಳ ಮಲ್ಲಿಗೆ ತಂದು ಅವರ ಪಕ್ಕದಲ್ಲಿಟ್ಟರು. ಮೇಷ್ಟ್ರು ಸಾಕ್ಷಿಯಾಗಿ ಪಾಷಾರನ್ನು ಕರೆದರು. ಪಾಷಾ ಒಳಗೆ ಬಂದು, ಇವರಿಗೆ ಏನೂ ಬರಲ್ಲ ಎಂದು ತಮ್ಮ ಮಟ್ಟಿಗೆ ಪ್ರಾಮಾಣಿಕವಾಗಿಯೇ ಹೇಳಿದರು. ನೀವು ಸಾಬ್ರು, ಇಷ್ಟು ದೂರ ಇವರನ್ನ ಕರ್ಕೊಂಡು ಬಂದಿದೀರಲ್ಲ, ಸುಮ್ಮನೆ ಬಂದಿರಾ ಎಂದು ಕಂಡಕ್ಟರ್ ಕೇಳಿದ.

ಕೊನೆಗೆ ಮೇಷ್ಟ್ರು, ತಾವು ಹೋದ ಸಲ ಹೇಳಿದ್ದು ತಪ್ಪು, ನಂದಿತಾ ಈ ವರ್ಷವೇ ಪರೀಕ್ಷೆ ಬರೆಯಬಹುದು ಎಂದರು. ರಾಮಾಂಜಿನಯ್ಯನವರ ಮುಖ ಬಿಗಿದುಕೊಂಡಿತು. ಗ್ರಹಗಳು ಒಂದು ವಾರದಲ್ಲಿ ಮನೆ ಬದಲಾಯಿಸುತ್ತವೆಯೇ, ಅಥವಾ ಮಗಳು ಕಾಲೇಜಿನಲ್ಲಿ ಅತ್ತು ಮೇಷ್ಟ್ರ ಮನಸ್ಸು ಬದಲಾಯಿಸಿದಳೇ ಎಂದು ಅವರು ಕೇಳಿದರು. ಕೇಳಿದ ದನಿಯಲ್ಲಿ ಗೌರವವಿತ್ತು. ಅದರ ಕೆಳಗೆ ಇನ್ನೇನೋ ಇತ್ತು. ಬಿ.ಎಡ್. ಸೀಟಿಗೆ ಮಾತಾಡಿಯಾಗಿದೆ, ಇನ್ನು ಆ ವಿಷಯ ಬುಡಿ ಎಂದರು.

ಇಷ್ಟು ಹೊತ್ತು ತಕ್ಕಡಿಯ ಹಿಂದೆ ಸ್ಟೂಲಿನ ಮೇಲೆ ಕೂತು ಕೊತ್ತಂಬರಿ ಬೀಜ ಪೊಟ್ಟಣ ಕಟ್ಟುತ್ತಿದ್ದ ನಂದಿತಾ ತಲೆ ಎತ್ತಿದಳು.

"ಅಪ್ಪಾ, ಸಾರ್ ಅವತ್ತು ನೋಡಿದ್ದು ಯಾವ ತಾರೀಕಿಂದು?"

"ನೀನು ಹುಟ್ಟಿದ್ ತಾರೀಕಿಂದು. ಇನ್ಯಾವ್ದು?"

"ಆ ನಂದಿತಾಗೆ ಈ ವರ್ಷ ಕೂಡಿ ಬರಲ್ಲ. ಒಪ್ಕೋತೀನಿ. ಆದ್ರೆ ಅವಳು ಅರ್ಜಿ ಹಾಕ್ತಿಲ್ವಲ್ಲ. ಆಧಾರು, ಮಾರ್ಕ್ಸ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಇರೋದು ಹೆಡ್ಮೇಷ್ಟ್ರು ಹುಟ್ಸಿದ ನಂದಿತಾ ಹೆಸ್ರಲ್ಲಿ. ಪರೀಕ್ಷೆ ಬರೆಯೋಳು ಅವಳು. ಅವಳದು ಯಾರೂ ನೋಡೇ ಇಲ್ವಲ್ಲಪ್ಪಾ."

ಹುಲಿಯೂರುದುರ್ಗದ ಬಸ್ ನಿಲ್ದಾಣದ ಸುತ್ತಮುತ್ತ ಇಷ್ಟು ಗಟ್ಟಿಯಾದ ವಾದ ಇತ್ತೀಚೆಗೆ ಯಾರೂ ಮಂಡಿಸಿರಲಿಲ್ಲ. ಸೈಕಲ್ ಶಾಪಿನವರು ಮೊದಲು ತಲೆದೂಗಿದರು. ಅವರಿಗೂ ಎರಡು ತಾರೀಕುಗಳಿದ್ದವು. ಕಂಡಕ್ಟರ್, ತನ್ನ ಕೆಲಸ ಸಿಕ್ಕಿದ್ದು ಊರ ಶಾಲೆಯ ಮೇಷ್ಟ್ರು ಬರೆದ ತಾರೀಕಿಗೆ, ನಿಜವಾದದ್ದಕ್ಕೆ ಆಗಿದ್ದರೆ ಸಿಗುತ್ತಲೇ ಇರಲಿಲ್ಲ ಎಂದ. ರಾಮಾಂಜಿನಯ್ಯ ಮೇಷ್ಟ್ರ ಮುಂದೆ ಕೈ ಕಟ್ಟಿ ನಿಂತು, ಹಾಗಾದರೆ ಅವಳದ್ದನ್ನೂ ಒಂದು ಸಲ ನೋಡಿಬಿಡಿ ಎಂದರು.

ಲಕ್ಷ್ಮೀನರಸಿಂಹಯ್ಯನವರು ಧರ್ಮಸಂಕಟಕ್ಕೆ ಸಿಕ್ಕಿದರು. ಎಣಿಸಿದರೆ ಜ್ಯೋತಿಷಿ, ಎಣಿಸದಿದ್ದರೆ ಬಿ.ಎಡ್. ಆದರೆ ಅವರು ಬಂದದ್ದೇ ವಯಸ್ಸು ಎಣಿಸುವುದಕ್ಕೆ, ಮತ್ತು ವಯಸ್ಸು ಎಣಿಸಲು ಅವರಿಗೆ ಬೇರೆ ವಿಧಾನ ಗೊತ್ತಿರಲಿಲ್ಲ. ನಂದಿತಾ ತಾರೀಕು ಹೇಳಿದಳು. ಅವರು ಕಣ್ಣು ಮುಚ್ಚಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸಾಗಿತು. ಹೊರಗೆ ಡ್ರೈವರು ಹಾರ್ನ್ ಹೊಡೆದ, ಕಂಡಕ್ಟರ್ ಅಲ್ಲಾಡಲಿಲ್ಲ.

"ಇಪ್ಪತ್ತೊಂದು ತುಂಬಿ ಮೇಲಾಗಿದೆ. ಹಾಕಬಹುದು," ಎಂದರು ಮೇಷ್ಟ್ರು.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ನಂದಿತಾ ಅಲ್ಲೇ ಫೋನು ತೆಗೆದು ಅರ್ಜಿ ತುಂಬತೊಡಗಿದಳು. ರಾಹುಕಾಲ ಶುರುವಾಗಿದೆ, ಹನ್ನೆರಡು ಕಳೆಯಲಿ ಎಂದರು ಅಪ್ಪ. ಕೊನೆಯ ದಿನ, ಈಗಲೇ ಹಾಕಬೇಕು ಎಂದಳು ಮಗಳು. ಈ ಜಗಳ ಬೆಳೆಯಲಿಲ್ಲ. ಕೊನೆಯ ದಿನವಾದ್ದರಿಂದ ದೇಶದ ಎಲ್ಲ ಕಡೆಯಿಂದ ಅರ್ಜಿಗಳು ನುಗ್ಗಿ ವೆಬ್‌ಸೈಟು ಸುತ್ತುತ್ತ ನಿಂತಿತ್ತು. ಅದು ಮತ್ತೆ ತೆರೆದುಕೊಂಡಾಗ ಹನ್ನೆರಡು ಕಳೆದಿತ್ತು. ಬ್ಯಾಂಕಿನ ಬಗ್ಗೆ ರಾಮಾಂಜಿನಯ್ಯನವರ ಅಭಿಪ್ರಾಯ ಉತ್ತಮಗೊಂಡದ್ದು ಮುಖದಲ್ಲಿ ಕಂಡಿತು. ಅರ್ಜಿ ಹೋಯಿತು.

ಎಲ್ಲ ಮುಗಿಯಿತು ಎಂದು ಮೇಷ್ಟ್ರು ಮೂಟೆಯಿಂದ ಎದ್ದರು. ರಾಮಾಂಜಿನಯ್ಯ ಅಡ್ಡ ಬಂದು, ದನಿ ತಗ್ಗಿಸಿ ಕೇಳಿದರು. "ಒಂದೇ ಮಾತು ಸಾರ್. ಪಾಸಾಗ್ತಾಳಾ?"

ಹೂವಿನವರು, ಸೈಕಲ್ ಶಾಪಿನವರು, ಬಿಲ್ಕುಲ್ ನಂಬದ ಪಾಷಾ ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಮೇಷ್ಟ್ರು ಈ ಸಲ ಕಣ್ಣು ಮುಚ್ಚಲಿಲ್ಲ. "ಅದು ನನಗೆ ಗೊತ್ತಿಲ್ಲ ರಾಮಾಂಜಿನಯ್ಯನವರೇ. ಅವಳನ್ನೇ ಕೇಳಿ."

ಈ ಪ್ರಕರಣದಲ್ಲಿ ಹುಡುಗಿಯನ್ನು ಕೇಳಬಹುದು ಎಂಬುದು ಇದುವರೆಗೆ ಯಾರಿಗೂ ಹೊಳೆದಿರಲಿಲ್ಲ. ರಾಮಾಂಜಿನಯ್ಯ ನಿಧಾನವಾಗಿ ತಕ್ಕಡಿಯ ಕಡೆ ತಿರುಗಿದರು. ಮೇಷ್ಟ್ರನ್ನು ಕೇಳಿದ ಅದೇ ತಗ್ಗಿದ ದನಿಯಲ್ಲಿ, "ಏನವ್ವ, ಆಯ್ತೀಯಾ?" ಎಂದರು.

"ಓದೋಕೆ ಬಿಟ್ರೆ ಆಗ್ತೀನಿ," ಎಂದಳು ನಂದಿತಾ. "ಭಾನುವಾರ ಅಂಗಡೀಲಿ ಕೂರಲ್ಲ. ಇವತ್ತಿಂದ್ಲೇ ಕೂರಲ್ಲ."

ಸ್ಟೂಲಿನಿಂದ ಇಳಿದು, ಕೈಯ ಪುಡಿ ಕೊಡವಿ, ಹಿಂದಿನ ಬಾಗಿಲಿನಿಂದ ಮನೆಯೊಳಗೆ ಹೋದಳು. ಬಸ್ಸು ಕೊನೆಗೂ ಹೊರಟಿತು. ಆಟೊ ಹಾಸಿಗೆ ಸಮೇತ ತುಮಕೂರಿನ ಕಡೆ ತಿರುಗಿತು. ಸೇರಿದವರು ಚದುರಿದರು.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಂದು ಕಾಲು ಕೆಜಿ ಹುರಿಗಡಲೆ ಕೇಳಿದರು. ರಾಮಾಂಜಿನಯ್ಯ ಸ್ಟೂಲಿನ ಮೇಲೆ ಕೂತು, ಎದುರಿಗೆ ಸಾಲಾಗಿದ್ದ ಡಬ್ಬಗಳನ್ನು ನೋಡಿದರು. ಎಲ್ಲವೂ ಒಂದೇ ಥರ ಇದ್ದವು. ಹಿಂದಿನ ಬಾಗಿಲಿನ ಕಡೆ ತಿರುಗಿ ಕರೆಯಲು ಬಾಯಿ ತೆರೆದರು. ಒಳಗಿನಿಂದ ಪುಟ ಮಗುಚುವ ಸದ್ದು ಕೇಳಿಸಿತು. ಬಾಯಿ ಮುಚ್ಚಿಕೊಂಡು ಎದ್ದು ಮೊದಲನೆಯ ಡಬ್ಬದ ಮುಚ್ಚಳ ತೆಗೆದರು. ಮೆಂತ್ಯ. ಮುಚ್ಚಿದರು.

"ಒಂಚೂರು ತಡೀರಿ ಅಕ್ಕ," ಎಂದು ಪಕ್ಕದ ಡಬ್ಬಕ್ಕೆ ಕೈ ಹಾಕಿದರು.